ಕೈ ಇಟ್ಟು ತೋರಿಸಿದ ಜಾಗ

ನಮ್ಮ ಕಡೆ ಹೆಂಗಸಿಗೆ ಬೆನ್ನಿನಿಂದ ಕೆಳಗೆ, ಮೊಣಕಾಲಿನಿಂದ ಮೇಲೆ ಎಲ್ಲಿ ನೋವಾದರೂ ಅದಕ್ಕೆ ಸೊಂಟ ನೋವು ಎಂದೇ ಹೆಸರು. ಬೆನ್ನಿನ ಬುಡವೂ ಸೊಂಟ, ಸೀರೆ ಸಿಕ್ಕಿಸುವ ಜಾಗವೂ ಸೊಂಟ, ಕೊಡಪಾನ ಕೂರಿಸಿಕೊಳ್ಳುವ ಪಕ್ಕೆಯೂ ಸೊಂಟ. ಕುಂಡೆಗೆ ಚುಚ್ಚುವ ಸೂಜಿಯನ್ನೂ ಮರ್ಯಾದೆಗೆ ಸೊಂಟದ ಸೂಜಿ ಎಂದೇ ಕರೆಯುತ್ತಾರೆ. "ಕೈಗೋ, ಸೊಂಟಕ್ಕೋ?" ಎಂದು ಕೇಳುತ್ತ ನಾನೇ ಇಪ್ಪತ್ತು ವರ್ಷ ಊರಿಗೆಲ್ಲ ಸೂಜಿ ಹಾಕಿದ್ದೇನೆ. ಆ ಒಂದು ಪದದಿಂದಾಗಿ ನನ್ನ ಐದು ವರ್ಷ ಹಾಳಾಯಿತು. ಇನ್ನೊಬ್ಬರದು ಅದಕ್ಕಿಂತ ಹೆಚ್ಚು ಹಾಳಾಯಿತು, ಅದಕ್ಕೆ ಕಾರಣ ನಾನು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಸರಕಾರದ ಕಾಗದದಲ್ಲಿ ನಾನು ಕಿರಿಯ ಮಹಿಳಾ ಆರೋಗ್ಯ ಸಹಾಯಕಿ. ಜನರ ಬಾಯಲ್ಲಿ ನರ್ಸ್‌ಬಾಯಿ, ಎದುರಿಗೆ ಸಿಕ್ಕರೆ ಬಾಯೋರು. ಮಂಕಿಯ ಕಡೆಯ ಒಂದು ಉಪಕೇಂದ್ರ ನನ್ನದು. ಹೆದ್ದಾರಿಯಿಂದ ಹಿಡಿದು ಸಮುದ್ರದ ದಂಡೆಯವರೆಗೆ ಗದ್ದೆ, ತೆಂಗಿನ ತೋಟ, ಕಾಲು ಹೂಳುವ ಮರಳಿನ ಹೊಯಿಗೆ ದಾರಿ. ಎಲ್ಲ ಕಡೆ ನಡೆದೇ ಹೋಗಬೇಕು. ಬಲ ಹೆಗಲಿಗೆ ಲಸಿಕೆಯ ಡಬ್ಬಿ, ಅದರೊಳಗೆ ಮಂಜುಗಡ್ಡೆ, ಕಂಕುಳಲ್ಲಿ ದೊಡ್ಡ ರಿಜಿಸ್ಟರು. ಯಾರ ಮನೆಯಲ್ಲಿ ಬಸುರಿ, ಯಾರ ಮಗುವಿಗೆ ಎರಡನೆಯ ಸೂಜಿ ಬಾಕಿ, ಯಾರು ಮಾತ್ರೆ ತೆಗೆದುಕೊಂಡು ಬಚ್ಚಲಿಗೆ ಎಸೆಯುತ್ತಾರೆ, ಎಲ್ಲವೂ ನನಗೆ ಗೊತ್ತು. ಆ ನಡಿಗೆಯೇ ನನ್ನ ಅಧಿಕಾರ. ಕಚೇರಿಯಲ್ಲಿ ನನ್ನನ್ನು ಯಾರೂ ಲೆಕ್ಕಕ್ಕೆ ಇಡುತ್ತಿರಲಿಲ್ಲ, ಆದರೆ ಗದ್ದೆಯ ಅಂಚಿನಲ್ಲಿ ನಾನು ಬರುವುದು ಕಂಡರೆ ಅತ್ತೆಯಂದಿರು ಸೊಸೆಯರಿಗೆ ಊಟ ಬಡಿಸುತ್ತಿದ್ದರು.

ನೋವು ಶುರುವಾದದ್ದು ತೊಂಬತ್ತೆಂಟರ ಮಳೆಗಾಲ ಮುಗಿದ ಮೇಲೆ. ಬಸ್ಸಿನ ಮೆಟ್ಟಿಲಿಗೆ ಬಲಗಾಲು ಎತ್ತಿಟ್ಟರೆ ತೊಡೆಸಂದಿನಲ್ಲಿ ಯಾರೋ ಚಿವುಟಿದ ಹಾಗೆ. ಆಮೇಲೆ ಕೆಳಗೆ ಕುಳಿತು ಏಳುವಾಗ, ಆಮೇಲೆ ಬಲಮಗ್ಗುಲಲ್ಲಿ ಮಲಗಿದಾಗ. ಭಟ್ಕಳದಲ್ಲಿ ಒಬ್ಬ ಡಾಕ್ಟರ ಹತ್ತಿರ ಹೋದೆ. ಸಣ್ಣ ಕೋಣೆ, ಪರದೆಯನ್ನು ಎತ್ತಿ ಕಿಟಕಿಯ ಸರಳಿಗೆ ಸಿಕ್ಕಿಸಿದ್ದರು, ಬೆಂಚಿನ ಮೇಲೆ ಮೂರು ಜನ ಗಂಡಸರು ತಮ್ಮ ಸರದಿಗೆ ಕಾಯುತ್ತ ನನ್ನನ್ನೇ ನೋಡುತ್ತಿದ್ದರು. ಡಾಕ್ಟರು ಎಲ್ಲಿ ನೋವು ಎಂದು ಕೇಳಿದರು. ನೂರಾರು ಹೆರಿಗೆ ಮಾಡಿಸಿದವಳು ನಾನು, ಮೈಯ ಯಾವ ಭಾಗದ ಹೆಸರಿಗೂ ನಾಚಿಕೊಳ್ಳಬೇಡಿ ಎಂದು ಹೆಂಗಸರಿಗೆ ಪಾಠ ಹೇಳಿದವಳು. ತೊಡೆಸಂದು ಎಂಬ ಪದ ನನ್ನ ಬಾಯಿಂದ ಹೊರಡಲಿಲ್ಲ. "ಸೊಂಟ ನೋವು" ಎಂದೆ.

ಅವರು ಬೆನ್ನಿನ ಎಕ್ಸ್‌ರೇ ಫೋಟೋ ತೆಗೆಸಿದರು. ಬೆನ್ನೆಲುಬಿನಲ್ಲಿ ಸ್ವಲ್ಪ ಸವೆತ ಕಂಡಿತು. ನಲವತ್ತು ದಾಟಿದ ಯಾರ ಬೆನ್ನಿನ ಫೋಟೋ ತೆಗೆದರೂ ಅಷ್ಟು ಕಾಣುತ್ತದೆ ಎಂದು ಈಗ ನನಗೆ ಗೊತ್ತು. ಸೊಂಟಕ್ಕೆ ಬಿಗಿಯುವ ಪಟ್ಟಿ ಬಂತು, ನೋವಿನ ಮಾತ್ರೆ ಬಂತು, ಹಲಗೆಯ ಮೇಲೆ ಮಲಗುವ ಶಿಕ್ಷೆ ಬಂತು. ಪಟ್ಟಿ ಕಟ್ಟಿಕೊಂಡು ನಡೆದೆ. ಮಾತ್ರೆ ತಿಂದ ದಿನ ನೋವು ಸುಮ್ಮನಿರುತ್ತಿತ್ತು, ಹೊಟ್ಟೆ ಉರಿಯುತ್ತಿತ್ತು. ಹೊನ್ನಾವರದಲ್ಲಿ ಇನ್ನೊಬ್ಬರು ಅದೇ ಫೋಟೋ ನೋಡಿ ಅದೇ ಮಾತು ಹೇಳಿ ಪಟ್ಟಿಯನ್ನು ಇನ್ನೂ ಒಂದು ತೂತು ಬಿಗಿ ಮಾಡಿಸಿದರು. ನಾನು ಅಲ್ಲಿಯೂ ಸೊಂಟ ಎಂದೇ ಹೇಳಿದ್ದೆ.

ನನ್ನ ಯಜಮಾನರು ಭಟ್ಕಳದ ಒಂದು ಹೈಸ್ಕೂಲಿನಲ್ಲಿ ಗುಮಾಸ್ತರು. ಎಲ್ಲದಕ್ಕೂ ಒಂದು ಅರ್ಜಿ ಬರೆದರೆ ಆಯಿತು ಎಂದು ನಂಬಿದ ಮನುಷ್ಯ. ಸ್ವಯಂ ನಿವೃತ್ತಿಯ ಅರ್ಜಿಯನ್ನು ಚೆಂದದ ಅಕ್ಷರದಲ್ಲಿ ಬರೆದು, ನನ್ನ ಸಹಿಗೆ ಜಾಗ ಬಿಟ್ಟು, ದೇವರ ಕೋಣೆಯ ಗೂಡಿನಲ್ಲಿ ಇಟ್ಟಿದ್ದರು. ಮನಸ್ಸಾದಾಗ ಸಹಿ ಮಾಡು ಎಂದರು. ಪ್ರೀತಿಯಿಂದಲೇ ಹೇಳಿದ್ದು, ಅದಕ್ಕೇ ನನಗೆ ಹೆಚ್ಚು ಸಿಟ್ಟು ಬಂತು. ಆ ಕಾಗದದ ಮೇಲೆ ನಾನು ದಿನಾ ದೀಪದ ಬತ್ತಿಯ ಡಬ್ಬಿ ಇಡಲು ಶುರು ಮಾಡಿದೆ. ಎಣ್ಣೆ ಹತ್ತಿ ಹತ್ತಿ ಅಕ್ಷರ ಕಾಣದ ಹಾಗಾಯಿತು.

ಮನೆಯ ಅರ್ಜಿಯನ್ನು ಹಾಗೆ ಮುಗಿಸಿದೆ. ಕಚೇರಿಯಿಂದ ಬಂದ ಮಾತು ಅಷ್ಟು ಸುಲಭಕ್ಕೆ ಮುಗಿಯುವಂಥದಾಗಿರಲಿಲ್ಲ. ಎರಡು ಸಾವಿರದ ಮೂರನೆಯ ಇಸವಿಯಲ್ಲಿ ನಮ್ಮ ವೈದ್ಯಾಧಿಕಾರಿ, ನನಗಿಂತ ಹದಿನೈದು ವರ್ಷ ಚಿಕ್ಕವರು, ಮಾಸಿಕ ಸಭೆ ಮುಗಿದ ಮೇಲೆ ನನ್ನನ್ನು ನಿಲ್ಲಿಸಿದರು. ನಾನು ಕುಂಟುವುದನ್ನು ನೋಡಿದ್ದರಂತೆ. ಹೊನ್ನಾವರದ ತಮ್ಮ ಕಚೇರಿಯಲ್ಲಿ ಔಷಧಿಯ ದಾಸ್ತಾನು ನೋಡಿಕೊಳ್ಳಲು ಒಬ್ಬರು ಬೇಕು, ಕುರ್ಚಿ ಇದೆ, ಫ್ಯಾನ್ ಇದೆ, ನಡೆಯುವ ಕೆಲಸವಿಲ್ಲ, ನಿಮ್ಮ ಹೆಸರು ಬರೆಯುತ್ತೇನೆ ಎಂದರು. ಬೇಡ ಎಂದೆ.

"ಸಿಸ್ಟರ್, ನಿಮ್ಮ ಸೊಂಟಕ್ಕೆ ಈ ಏರಿಯಾ ಆಗೋದಿಲ್ಲ. ನಿಮ್ಮ ಒಳ್ಳೇದಕ್ಕೇ ಹೇಳ್ತಿದ್ದೇನೆ."

ನನ್ನ ಒಳ್ಳೆಯದು ಯಾವುದೆಂದು ನನ್ನನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು. ಬರುವ ವರ್ಷದ ಪೋಲಿಯೋ ಹನಿಯ ಸುತ್ತಿನವರೆಗೆ ಸಮಯ ಕೊಡಿ ಎಂದೆ. ಮನೆಮನೆಗೆ ಹೋಗುವ ಆ ದಿನಗಳಲ್ಲಿ ನನ್ನ ಪಾಲಿನ ಒಂದೇ ಒಂದು ಮನೆ ಬಿಟ್ಟುಹೋದರೂ ಮರುದಿನವೇ ಬಂದು ನಿಮ್ಮ ಫ್ಯಾನಿನ ಕೆಳಗೆ ಕೂರುತ್ತೇನೆ ಎಂದು ಪಂಥ ಕಟ್ಟಿದೆ. ಅವರು ನಕ್ಕು ಒಪ್ಪಿದರು. ನಾನು ಸೋಲುತ್ತೇನೆ ಎಂದು ಅವರಿಗೆ ಖಾತ್ರಿಯಿತ್ತು. ನಿಜ ಹೇಳಬೇಕೆಂದರೆ ನನಗೂ ಇತ್ತು.

ಕುಮಟೆಯಲ್ಲಿ ಒಂದು ಔಷಧದಂಗಡಿಯ ಮಹಡಿಗೆ ದಕ್ಷಿಣದ ಕಡೆಯಿಂದ ತಿಂಗಳಿಗೊಮ್ಮೆ ಎಲುಬಿನ ಡಾಕ್ಟರೊಬ್ಬರು ಬರುತ್ತಿದ್ದರು. ನನ್ನ ತವರು ಹೊಳನಗದ್ದೆ, ಕುಮಟೆಗೆ ಹತ್ತಿರ. ಅಣ್ಣನ ಮನೆಗೆ ಹೋದವಳು ಒಂದು ಭಾನುವಾರ ಅಲ್ಲಿಗೂ ಹೋದೆ. ಎಲುಬಿನ ಡಾಕ್ಟರಾಗಿ ಕ್ಲಿನಿಕ್ಕನ್ನು ಮಹಡಿಯಲ್ಲಿ ಇಟ್ಟವರಿಗೆ ಬುದ್ಧಿ ಇದೆಯೇ ಎಂದು ಬೈಯುತ್ತಲೇ ಹದಿನೆಂಟು ಮೆಟ್ಟಿಲು ಹತ್ತಿದೆ. ಮೇಲೆ ಹೋದ ಮೇಲೆ ಅದನ್ನೇ ಅವರಿಗೂ ಹೇಳಿದೆ. ಅವರು, ನೀವು ಮೆಟ್ಟಿಲು ಹೇಗೆ ಹತ್ತುತ್ತೀರಿ ಎಂದು ಕಿಟಕಿಯಿಂದ ನೋಡುತ್ತಿದ್ದೆ, ಅರ್ಧ ತಪಾಸಣೆ ಅಲ್ಲೇ ಮುಗಿಯುತ್ತದೆ ಎಂದರು. ಐವತ್ತು ದಾಟಿದ, ಕಡಿಮೆ ಮಾತಿನ ಮನುಷ್ಯ. ಪರದೆ ಇಳಿಬಿಟ್ಟಿತ್ತು.

ನಾನು ಬೆನ್ನಿನ ಫೋಟೋ ತೆಗೆದೆ. ಅವರು ಅದನ್ನು ಮೇಜಿನ ಮೇಲೆ ಮಗುಚಿ ಇಟ್ಟು ಎಂತ ತೊಂದರೆ ಎಂದು ಕೇಳಿದರು. ಸೊಂಟ ನೋವು ಎಂದೆ.

"ಹೆಸರು ಬೇಡ. ಕೈ ಇಟ್ಟು ತೋರಿಸಿ."

ನನ್ನ ಬಲಗೈ ತಾನಾಗಿಯೇ ಹೋಗಿ ಪಕ್ಕೆಯನ್ನು ಹಿಡಿಯಿತು. ಹೆಬ್ಬೆರಳು ಹಿಂದಕ್ಕೆ ಕುಂಡೆಯ ಮೇಲೆ, ಉಳಿದ ನಾಲ್ಕು ಬೆರಳು ಮುಂದೆ ತೊಡೆಸಂದಿಗೆ. ತುಂಬಿದ ಕೊಡಪಾನದ ಕಂಠವನ್ನು ಹಿಡಿಯುವ ಹಾಗೆ. ಡಾಕ್ಟರು ತಲೆದೂಗಿ, ಕೈ ಹೀಗೆ ಹಿಡಿದರೆ ನೋವು ಬೆನ್ನಿನದಾಗಿರುವುದು ಅಪರೂಪ, ಹೆಚ್ಚಾಗಿ ತೊಡೆ ಎಲುಬು ಕೂರುವ ಕೀಲಿನದು ಎಂದರು. ಪುಸ್ತಕದಲ್ಲಿ ಅದಕ್ಕೆ ಚಪ್ಪೆ ಕೀಲು ಎಂದು ಬರೆಯುತ್ತಾರಂತೆ. ನನಗೆ ಗೊತ್ತಿದ್ದ ಚಪ್ಪೆ ಉಪ್ಪಿಲ್ಲದ ಸಾರು, ಸಕ್ಕರೆಯಿಲ್ಲದ ಚಾ. ಮಲಗಿಸಿ, ಕಾಲು ಮಡಚಿ ಒಳಕ್ಕೆ ತಿರುಗಿಸಿದರು. ಆಗ ಬಂದ ನೋವಿಗೆ ನಾನು ಮಂಚದ ಅಂಚು ಹಿಡಿದೆ. ಐದು ವರ್ಷದಲ್ಲಿ ಮೊದಲ ಸಲ ಒಬ್ಬರು ಸರಿಯಾದ ಬಾಗಿಲು ತಟ್ಟಿದ್ದರು. ಅಳು ಬಂತು, ಸಂತೋಷಕ್ಕೆ.

ಅದೇ ಕ್ಷಣದಲ್ಲಿ ಇನ್ನೊಂದು ಕೈಯೂ ನೆನಪಾಯಿತು. ನನ್ನ ಉಪಕೇಂದ್ರದ ಪಶ್ಚಿಮಕ್ಕೆ, ಗದ್ದೆ ಬಯಲು ಮುಗಿಯುವಲ್ಲಿ ಒಂಟಿಯಾಗಿ ಒಂದು ಮನೆ. ಗದ್ದೆಮನೆ ಎನ್ನುತ್ತಿದ್ದರು. ಅಲ್ಲಿಯ ಅಮ್ಮ ಅರವತ್ತರ ಹತ್ತಿರದವರು. ಸಸಿ ನೆಡುವಾಗ ಹಾಡು ಎತ್ತಿಕೊಡುವವರು ಅವರೇ. ಅವರು ಒಂದು ಸಾಲು ಹೇಳಿದರೆ ಗದ್ದೆಯ ತುಂಬ ಬಗ್ಗಿದ ಹೆಂಗಸರು ಅದನ್ನು ಹಿಡಿದು ಹೇಳುತ್ತಿದ್ದರು. ನಾನು ಹೋದಾಗಲೆಲ್ಲ ಅವರು ಜಗುಲಿಯ ಕಂಬಕ್ಕೆ ಒರಗಿ ನಿಂತು, ಪಕ್ಕೆಯನ್ನು ಇದೇ ರೀತಿ ಹಿಡಿದುಕೊಂಡು, "ಸೊಂಟ ನೋವು ಬಾಯೋರೆ" ಎನ್ನುತ್ತಿದ್ದರು. ನಾನು ರಿಜಿಸ್ಟರಿನಿಂದ ತಲೆ ಎತ್ತದೆ, ಹೆಂಗಸರಿಗೆ ಇದ್ದದ್ದೇ ಎಂದು ಎರಡು ಮಾತ್ರೆ ಕೊಟ್ಟು ಬರುತ್ತಿದ್ದೆ. ಎಷ್ಟು ವರ್ಷ ಹಾಗೆ ಮಾಡಿದೆ ಎಂದು ಆ ಮಂಚದ ಮೇಲೆ ಲೆಕ್ಕ ಹಾಕಲು ನನಗೆ ಧೈರ್ಯವಾಗಲಿಲ್ಲ.

ಕೀಲಿನ ಫೋಟೋ ತೆಗೆಸಿದಾಗ ಒಳಗೆ ಸವೆತ ಸ್ವಲ್ಪವೇ ಇತ್ತು. ಹೊರಗಿನ ನಾರುಗಳು, ಕುಂಡೆಯ ಸ್ನಾಯುಗಳು ಬಲ ಕಳೆದುಕೊಂಡಿದ್ದವು. ಡಾಕ್ಟರು ಸುತ್ತಿ ಬಳಸದೆ ಹೇಳಿದರು. ಕೀಲು ಬದಲಿಸುವ ಆಪರೇಷನ್ ಈಗ ಬೇಡ. ಸ್ಟೀರಾಯ್ಡ್ ಸೂಜಿ ಹಾಕಿದರೆ ಕೆಲವು ವಾರ ಹಾಯೆನಿಸುತ್ತದೆ, ಮತ್ತೆ ಮತ್ತೆ ಹಾಕುವಂಥದಲ್ಲ. ಅವರು ಕಲಿತು ಬಂದ ಇನ್ನೊಂದು ಉಪಾಯವಿತ್ತು. ನಾರುಗಳು ಎಲುಬಿಗೆ ಅಂಟುವ ಜಾಗಕ್ಕೆ ಗಟ್ಟಿ ಸಕ್ಕರೆ ನೀರಿನ ಸೂಜಿ, ತಿಂಗಳಿಗೊಮ್ಮೆ, ಮೂರು ಸಲ. ಸಕ್ಕರೆ ನೀರು ಅಲ್ಲಿ ಬೇಕೆಂದೇ ಸಣ್ಣಗೆ ಕೆರಳಿಸುತ್ತದೆ, ಕೆರಳಿದ ಜಾಗವನ್ನು ಸರಿಮಾಡಲು ಮೈ ತಾನೇ ಮುಂದಾಗುತ್ತದೆ ಎಂಬ ನಂಬಿಕೆ. ನಂಬಿಕೆ ಎಂಬ ಪದವನ್ನು ಅವರೇ ಬಳಸಿದರು. ಕೆಲವರಿಗೆ ಆಗುತ್ತದೆ, ಕೆಲವರಿಗೆ ಏನೂ ಆಗುವುದಿಲ್ಲ, ಪೂರ್ತಿ ಪುರಾವೆ ಇನ್ನೂ ಇಲ್ಲ, ಎಲ್ಲ ಡಾಕ್ಟರೂ ಒಪ್ಪುವುದಿಲ್ಲ ಎಂದರು.

ಖಾತ್ರಿ ಇಲ್ಲದ್ದನ್ನು ಖಾತ್ರಿ ಇಲ್ಲ ಎಂದೇ ಹೇಳುವ ಡಾಕ್ಟರನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಕೆರಳಿಸಿದರೆ ಸರಿಹೋಗುವುದು ನನ್ನ ಸ್ವಭಾವಕ್ಕೂ ಹೊಂದುತ್ತಿತ್ತು. ಹಾಕಿ ಎಂದೆ.

"ಸೂಜಿ ನನ್ನ ಕೆಲಸ. ವ್ಯಾಯಾಮ ನಿಮ್ಮದು. ಅದು ಮಾಡದಿದ್ದರೆ ಎರಡನೇ ಸೂಜಿಗೆ ಮೆಟ್ಟಿಲು ಹತ್ತಬೇಡಿ."

ಔಷಧ ಚೀಟಿಯ ಹಿಂದೆ ಕಡ್ಡಿಯಂಥ ನಾಲ್ಕು ಹೆಂಗಸರನ್ನು ಬರೆದುಕೊಟ್ಟರು. ಒಬ್ಬಳು ಮಗ್ಗುಲಲ್ಲಿ ಮಲಗಿ ಮೇಲಿನ ಕಾಲು ಎತ್ತುತ್ತಿದ್ದಾಳೆ, ಒಬ್ಬಳು ಅಂಗಾತ ಮಲಗಿ ಕುಂಡೆ ಎತ್ತುತ್ತಿದ್ದಾಳೆ, ಒಬ್ಬಳು ಗೋಡೆ ಹಿಡಿದು ಒಂಟಿ ಕಾಲಲ್ಲಿ ನಿಂತಿದ್ದಾಳೆ. ನಾಲ್ಕನೆಯವಳು ಮಗ್ಗುಲಲ್ಲಿ ಮಲಗಿ, ಮೊಣಕಾಲು ಮಡಚಿ, ಹಿಮ್ಮಡಿ ಜೋಡಿಸಿಕೊಂಡೇ ಮೇಲಿನ ಮೊಣಕಾಲನ್ನು ಮಾತ್ರ ತೆರೆದು ಮುಚ್ಚಬೇಕು. ಅದಕ್ಕೆ ನಾನು ಬಳಚಿನ ವ್ಯಾಯಾಮ ಎಂದು ಹೆಸರಿಟ್ಟೆ. ನಮ್ಮ ಕಡೆ ಹೊಳೆಯಲ್ಲಿ ಹೆಕ್ಕಿ ತಿನ್ನುವ ಜೋಡಿಚಿಪ್ಪು ಬಳಚು, ಬಿಸಿನೀರಿಗೆ ಹಾಕಿದರೆ ಅದು ಬಾಯಿ ಬಿಡುವುದೂ ಹಾಗೆಯೇ. ಡಬ್ಬಿಯನ್ನು ಯಾವ ಹೆಗಲಿಗೆ ಹಾಕುತ್ತೀರಿ ಎಂದೂ ಕೇಳಿದರು. ಬಲಕ್ಕೆ ಎಂದೆ. ಇಪ್ಪತ್ತು ವರ್ಷ ಹೆಜ್ಜೆಹೆಜ್ಜೆಗೂ ಅದು ಬಡಿಯುತ್ತಿದ್ದದ್ದು ಅದೇ ಜಾಗಕ್ಕೆ. ಇನ್ನು ಮೇಲೆ ಬೆನ್ನಿಗೆ ಕಟ್ಟಿಕೊಳ್ಳಿ ಎಂದರು.

ಸೂಜಿಯ ವಿಷಯದಲ್ಲಿ ನಾನು ಧೈರ್ಯವಂತೆ ಎಂದುಕೊಂಡಿದ್ದೆ. ಇನ್ನೊಬ್ಬರಿಗೆ ಚುಚ್ಚುವುದರಲ್ಲಿ ಮಾತ್ರ ಎಂದು ಆವತ್ತು ತಿಳಿಯಿತು. ಬೆರಳಿನಿಂದ ಒತ್ತಿ, ನೋವಿರುವ ಜಾಗ ಹುಡುಕಿ, ಎಲುಬು ತಾಗುವವರೆಗೆ ಉದ್ದ ಸೂಜಿ ಇಳಿಸಿದರು. ಹಾಗೆ ನಾಲ್ಕೈದು ಕಡೆ. ಇರುವೆ ಕಚ್ಚಿದ ಹಾಗೆ ಆಗುತ್ತದೆ ಅಷ್ಟೇ ಎಂದು ಮಕ್ಕಳಿಗೆ ನಾನು ಹೇಳಿದ ಸುಳ್ಳುಗಳೆಲ್ಲ ನೆನಪಾದವು. ಮೂರು ದಿನ ಅಣ್ಣನ ಮನೆಯಲ್ಲಿ ಹಿಂದಿಗಿಂತ ಹೆಚ್ಚು ನೋವು ತಿಂದೆ. ನೋವಿನ ಮಾತ್ರೆಯನ್ನು ಮುಟ್ಟುವಂತಿರಲಿಲ್ಲ, ಕೆರಳಿಕೆಯನ್ನು ಅದು ತಣಿಸಿಬಿಟ್ಟರೆ ಸೂಜಿ ಹಾಕಿದ್ದು ವ್ಯರ್ಥವಂತೆ. ಅತ್ತಿಗೆ ಬಿಸಿನೀರಿನ ಚೀಲ ಇಟ್ಟು, ಇದಕ್ಕಿಂತ ಪಟ್ಟಿಯೇ ಒಳ್ಳೆಯದಿತ್ತು ಎಂದರು. ಆ ಪಟ್ಟಿಯನ್ನು ನಾನು ಅವರ ಬಾವಿಯಲ್ಲಿ ಹಗ್ಗ ಉಜ್ಜಿ ಸವೆಯುತ್ತಿದ್ದ ಅಡ್ಡಮರಕ್ಕೆ ಸುತ್ತಿ ಬಂದೆ. ಅಲ್ಲಿ ಅದು ಚೆನ್ನಾಗಿ ಕೆಲಸ ಮಾಡಿತು.

ಮಂಕಿಗೆ ಮರಳುವಷ್ಟರಲ್ಲಿ ಸುದ್ದಿ ನನಗಿಂತ ಮೊದಲು ತಲುಪಿತ್ತು. ಬಾಯೋರಿಗೆ ಸಕ್ಕರೆ ಇಂಜೆಕ್ಷನ್ ಅಂತೆ. ಸಕ್ಕರೆ ಇಂಜೆಕ್ಷನ್ ಎಂದರೆ ಸಕ್ಕರೆ ಕಾಯಿಲೆಯೇ ಅಲ್ಲವೇ. ಯಾವ ಮನೆಗೆ ಹೋದರೂ ಸಕ್ಕರೆಯಿಲ್ಲದ ಚಾ ಕೊಡಲು ಶುರುಮಾಡಿದರು. ಕಾಯಿಲೆ ಇಲ್ಲ ಎಂದು ಹೇಳಿದಷ್ಟೂ, ಪಾಪ ಒಪ್ಪಿಕೊಳ್ಳಲು ಆಗುತ್ತಿಲ್ಲ ಎಂದು ಕನಿಕರಪಟ್ಟರು. ಭಟ್ಕಳದ ಹತ್ತಿರದ ಜಾಲಿಯಲ್ಲಿದ್ದ ನನ್ನ ಹಳೆಯ ಪರಿಚಯದ ನವಾಯತ ಮುಸ್ಲಿಂ ಹೆಂಗಸೊಬ್ಬರು ಬಸ್ಸಿನಲ್ಲಿ ಸಿಕ್ಕಿ, ತಮ್ಮ ಮನೆಯವರಿಗೂ ಸಕ್ಕರೆ ಇದೆ, ಹೆದರಬೇಡಿ ಎಂದು ಹಾಗಲಕಾಯಿಯ ಕ್ರಮ ಹೇಳಿಕೊಟ್ಟರು. ಚಪ್ಪೆ ಕೀಲಿಗೆ ಸಕ್ಕರೆ ನೀರು, ಸಕ್ಕರೆಗೆ ಹೆದರಿ ಚಪ್ಪೆ ಚಾ. ಮೂರು ತಿಂಗಳು ಅದನ್ನೇ ಕುಡಿದೆ. ಕೊನೆಗೆ ಒಂದು ಮನೆಯಲ್ಲಿ ನಾನೇ ಸಕ್ಕರೆ ಡಬ್ಬಿ ಇಳಿಸಿ, ಮೂರು ಚಮಚ ಹಾಕಿಕೊಂಡು, ಎಲ್ಲರ ಎದುರು ಕುಡಿದೆ. ಆ ಮನೆಯಾಕೆ ನನ್ನ ಕೈ ಹಿಡಿದು ಅತ್ತುಬಿಟ್ಟಳು.

ವ್ಯಾಯಾಮ ಮಾತ್ರ ಬಿಡಲಿಲ್ಲ. ಬೆಳಿಗ್ಗೆ ಒಲೆಯ ಮೇಲೆ ಅಕ್ಕಿ ಇಟ್ಟು, ಅದು ಬೇಯುವಷ್ಟು ಹೊತ್ತು ನಡುಕೋಣೆಯ ನೆಲದ ಮೇಲೆ. ಯಜಮಾನರು ಪೇಪರಿನ ಮರೆಯಿಂದ, ಬಳಚು ಇವತ್ತು ಬಾಯಿ ತೆಗೆಯಿತೋ ಎಂದು ಕೇಳುತ್ತಿದ್ದರು. ಮೊದಲ ವಾರ ಎಂಟು ಸಲ ತೆರೆಯುವಷ್ಟರಲ್ಲಿ ತೊಡೆ ನಡುಗುತ್ತಿತ್ತು. ಎರಡನೆಯ ಸೂಜಿಯ ಹೊತ್ತಿಗೆ ಇಪ್ಪತ್ತಾಯಿತು. ಮೂರನೆಯದು ಮುಗಿಯುವಾಗ ಬಲಮಗ್ಗುಲಲ್ಲಿ ಒಂದು ಇಡೀ ನಿದ್ದೆ ಮಾಡಿದೆ. ಗುಣವಾದದ್ದು ಸೂಜಿಯಿಂದಲೋ, ಬಳಚಿನಿಂದಲೋ, ಡಬ್ಬಿ ಬೆನ್ನಿಗೆ ಹೋದದ್ದರಿಂದಲೋ ನನಗೆ ಇವತ್ತಿಗೂ ಗೊತ್ತಿಲ್ಲ. ಡಾಕ್ಟರಿಗೂ ಗೊತ್ತಿರಲಿಲ್ಲ, ಅವರು ಅದನ್ನು ಒಪ್ಪಿಕೊಂಡರು. ಐದಾರು ವರ್ಷ ಕಳೆದ ಮೇಲೆ, ನಮ್ಮದೇ ರಕ್ತ ತೆಗೆದು, ಯಂತ್ರದಲ್ಲಿ ಗಿರಗಿರ ತಿರುಗಿಸಿ, ಮೇಲೆ ತೇಲುವ ತಿಳಿಯನ್ನು ಅದೇ ಜಾಗಕ್ಕೆ ಹಾಕುವ ಹೊಸ ಕ್ರಮ ದೊಡ್ಡ ಊರುಗಳಿಗೆ ಬಂದಿದೆ ಎಂದೂ ಅವರೇ ತಿಳಿಸಿದರು. ಅದಕ್ಕಾದರೂ ಖಾತ್ರಿ ಇದೆಯೇ ಎಂದು ಕೇಳಿದೆ. ಇಲ್ಲ ಎಂದರು. ಹಾಗಿದ್ದರೆ ನನ್ನ ರಕ್ತ ನನ್ನಲ್ಲೇ ಇರಲಿ, ಬಳಚು ಇದೆ ಎಂದೆ. ಅವರು ಒತ್ತಾಯ ಮಾಡಲಿಲ್ಲ.

ಪೋಲಿಯೋ ಸುತ್ತು ಬಂತು. ಮೊದಲ ದಿನ ಶಾಲೆಯಲ್ಲಿ ಹನಿ ಹಾಕಿದೆವು, ಮರುದಿನದಿಂದ ಮನೆಮನೆಗೆ. ಡಬ್ಬಿ ಬೆನ್ನಿಗೆ, ಸೀಮೆಸುಣ್ಣ ಕೈಯಲ್ಲಿ. ಹನಿ ಹಾಕಿದ ಮನೆಯ ಬಾಗಿಲ ಪಕ್ಕ ಗುರುತು ಬರೆದು ಮುಂದಿನ ಮನೆಗೆ. ಅಧಿಕಾರಿ ಎರಡು ಸಲ ಜೀಪಿನಲ್ಲಿ ಬಂದು ನೋಡಿ ಹೋದರು. ಎರಡನೆಯ ಸಲ ಜೀಪು ಹೊಯಿಗೆಯಲ್ಲಿ ಹೂತುಹೋಗಿ, ನಾನೇ ಹಿಂದಿನ ಮನೆಯಿಂದ ತೆಂಗಿನ ಮಡಲು ತರಿಸಿ ಚಕ್ರದ ಕೆಳಗೆ ಹಾಕಿಸಿದೆ. ನೋವು ಇರಲಿಲ್ಲವೆಂದಲ್ಲ. ಮಧ್ಯಾಹ್ನದ ಮೇಲೆ ಒಳಗೊಳಗೇ ಗೊಣಗುತ್ತಿತ್ತು. ಗೊಣಗಲಿ, ನಾನೂ ಗೊಣಗುತ್ತೇನೆ, ಕೆಲಸ ನಿಲ್ಲಿಸುತ್ತೇನೆಯೇ ಎಂದುಕೊಂಡು ನಡೆದೆ. ಕೊನೆಯ ದಿನ ಕೊನೆಗೆ ಉಳಿದದ್ದು ಗದ್ದೆಮನೆ. ದಾರಿಯಲ್ಲಿ ಅದು ಮೊದಲೇ ಸಿಗುತ್ತಿತ್ತು. ಅಲ್ಲಿಯ ಅಮ್ಮನ ಮುಖ ನೋಡುವುದನ್ನು ತಿಂಗಳುಗಳಿಂದ ಮುಂದೆ ಹಾಕುತ್ತ ಬಂದ ಹಾಗೆ, ಆವತ್ತೂ ಮುಂದೆ ಹಾಕಿದ್ದೆ.

ಮೊಮ್ಮಗುವಿಗೆ ಹನಿ ಹಾಕಿದೆ. ಬಾಗಿಲ ಪಕ್ಕ ಗುರುತು ಬರೆದೆ. ಅಧಿಕಾರಿಯ ಜೊತೆಗಿನ ಪಂಥ ಅಲ್ಲಿಗೆ ಗೆದ್ದಾಗಿತ್ತು. ಅಮ್ಮ ಜಗುಲಿಯ ಕಂಬಕ್ಕೆ ಒರಗಿ ಕೋಲು ಹಿಡಿದು ನಿಂತಿದ್ದರು. ಎರಡು ವರ್ಷದಿಂದ ಸಸಿ ನೆಡಲು ಹೋಗಿಲ್ಲವಂತೆ. ಬಗ್ಗಲು ಆಗದವರು ಗದ್ದೆಗೆ ಇಳಿಯುವುದು ಹೇಗೆ, ಇಳಿಯದವರು ಹಾಡು ಎತ್ತಿಕೊಡುವುದು ಹೇಗೆ. ನಾನು ರಿಜಿಸ್ಟರನ್ನು ನೆಲಕ್ಕಿಟ್ಟು, ಕೈ ಇಟ್ಟು ತೋರಿಸಿ ಎಂದೆ. ಅವರ ಕೈ ಪಕ್ಕೆಗೆ ಹೋಗಿ, ಹೆಬ್ಬೆರಳು ಹಿಂದೆ, ಬೆರಳು ಮುಂದೆ, ಕೊಡಪಾನದ ಕಂಠ ಹಿಡಿಯಿತು. ಮುಂದಿನ ಭಾನುವಾರ ಕುಮಟೆಗೆ ಹೋಗೋಣ ಎಂದೆ. "ಆತು" ಎಂದರು, ಚಾ ಕುಡಿಯಲು ಕರೆದರೆ ಒಪ್ಪುವಷ್ಟೇ ಸಲೀಸಾಗಿ.

ಹದಿನೆಂಟು ಮೆಟ್ಟಿಲನ್ನು ಅವರ ಮಗ ಹಿಂದಿನಿಂದ, ನಾನು ಪಕ್ಕದಿಂದ ಹಿಡಿದು ಹತ್ತಿಸಿದೆವು. ಡಾಕ್ಟರು ಕಾಲು ತಿರುಗಿಸಲು ನೋಡಿದರು, ಅದು ತಿರುಗಲಿಲ್ಲ. ಫೋಟೋದಲ್ಲಿ ತೊಡೆ ಎಲುಬಿನ ಗುಂಡನೆಯ ತಲೆಗೂ ಅದು ಕೂರುವ ಬಟ್ಟಲಿಗೂ ನಡುವೆ ಇರಬೇಕಾದ ಸಂದು ಇರಲಿಲ್ಲ, ಎರಡೂ ಒಂದಕ್ಕೊಂದು ಉಜ್ಜುತ್ತಿದ್ದವು. ಇದಕ್ಕೆ ನನ್ನ ಸೂಜಿ ಯಾವುದೂ ಆಗುವುದಿಲ್ಲ, ಹಾಕಿದರೆ ಮೋಸ ಮಾಡಿದ ಹಾಗೆ ಎಂದರು. ಉಳಿದದ್ದು ಕೀಲು ಬದಲಿಸುವ ದೊಡ್ಡ ಆಪರೇಷನ್. ಅದು ಬೇಡವೆಂದರೆ ಕೋಲು, ವ್ಯಾಯಾಮ, ಎತ್ತರದ ಕುರ್ಚಿ. ಬೇಗ ಬಂದಿದ್ದರೆ ಬೇರೆ ಮಾತು ಹೇಳುತ್ತಿದ್ದೆನೇನೋ, ಎಷ್ಟು ವರ್ಷದಿಂದ ಈ ನೋವು ಎಂದು ಕೇಳಿದರು.

ಅಮ್ಮ ನನ್ನ ಕಡೆ ತಿರುಗಿದರು. ಮುಖದಲ್ಲಿ ಒಂದಿಷ್ಟೂ ಕೊಂಕಿರಲಿಲ್ಲ.

"ಅದು ನಂಗೆ ಎಂತ ಗೊತ್ತು. ಬಾಯೋರ ಪುಸ್ತಕದಲ್ಲಿ ಎಲ್ಲಾ ಅದೆ. ನಾ ಹೇಳ್ದಾಗೆಲ್ಲ ಅವ್ರು ಬರ್ಕಂತಿದ್ರು."

ಡಾಕ್ಟರು ನನ್ನನ್ನು ನೋಡಿದರು. ನಾನು ನೆಲ ನೋಡಿದೆ. ಇಷ್ಟು ವರ್ಷ ಆ ಹೆಂಗಸು, ತನ್ನ ನೋವು ಸರಕಾರದ ದೊಡ್ಡ ಪುಸ್ತಕದಲ್ಲಿ ಜೋಪಾನವಾಗಿದೆ, ಓದಿದವರು ಯಾರೋ ಒಂದು ದಿನ ಅದನ್ನು ತೆಗೆದು ನೋಡುತ್ತಾರೆ ಎಂದು ನಂಬಿಕೊಂಡು ಕಂಬಕ್ಕೆ ಒರಗಿ ಕಾದಿದ್ದರು. ನನಗೆ ಆದಷ್ಟು ನಾಚಿಕೆ ಯಾರಿಗೂ ಆಗಬಾರದು.

ಆಪರೇಷನ್ ಬೇಡವೆಂದರು ಅಮ್ಮ. ನಾಲ್ಕು ಕಡ್ಡಿ ಹೆಂಗಸರಲ್ಲಿ ಅವರಿಗೆ ಆಗುವ ಇಬ್ಬರನ್ನು ನಾನೇ ಕಲಿಸಿದೆ. ಮುಂದಿನ ನೆಡುವ ಕಾಲದಲ್ಲಿ ಮಗನಿಗೆ ಹೇಳಿ ಗದ್ದೆಯ ಅಂಚಿಗೆ ಶಾಲೆಯ ಹಳೆಯ ಕುರ್ಚಿಯೊಂದನ್ನು ಹಾಕಿಸಿದೆ. ಗದ್ದೆಯ ಅಂಚಿನಲ್ಲಿ ಕುರ್ಚಿಯೇ ಎಂದು ಊರು ನಕ್ಕಿತು. ಅಮ್ಮ ಅದರ ಮೇಲೆ ಕುಳಿತು ಹಾಡು ಎತ್ತಿಕೊಟ್ಟರು. ಬಗ್ಗಿದವರು ನಗು ನಿಲ್ಲಿಸಿ ಹಿಡಿದು ಹೇಳಿದರು. ಅದರಿಂದ ನನ್ನ ತಪ್ಪು ತೀರಿತು ಎಂದು ನಾನು ಹೇಳುವುದಿಲ್ಲ.

ಕುಮಟೆಯಿಂದ ಬಂದ ಆ ವಾರವೇ ನಾನು ಉಪಕೇಂದ್ರದ ಕಪಾಟಿನಿಂದ ಹಳೆಯ ರಿಜಿಸ್ಟರುಗಳನ್ನೆಲ್ಲ ಇಳಿಸಿದೆ. ಗದ್ದೆಮನೆಯ ಸಾಲು ಹುಡುಕಿದೆ. ನನ್ನದೇ ಅಕ್ಷರ, ವರ್ಷ ವರ್ಷವೂ ಅದೇ: ಸೊಂಟ ನೋವು, ಮಾತ್ರೆ ಕೊಟ್ಟಿದೆ. ಅದರ ಮೇಲೆ ಕೆಳಗೆ ಬೇರೆ ಹೆಂಗಸರ ಹೆಸರಿನ ಮುಂದೆಯೂ ಅದೇ. ಅವರೆಲ್ಲ ಯಾವ ಜಾಗಕ್ಕೆ ಕೈ ಇಟ್ಟಿದ್ದರೋ ಯಾರಿಗೆ ಗೊತ್ತು. ನಾನು ಕೆಂಪು ಪೆನ್ನು ತೆಗೆದು, ಗದ್ದೆಮನೆಯ ಒಂದೊಂದು ಸಾಲಿನ ಕೆಳಗೂ ಬರೆದೆ: ತಪ್ಪು. ನೋವು ಚಪ್ಪೆ ಕೀಲಿನದು. ಕೈ ಇಟ್ಟು ತೋರಿಸಿದ್ದರು, ನಾನು ನೋಡಲಿಲ್ಲ. ಪ್ರತಿ ಸಲವೂ ಸಹಿ ಮಾಡಿದೆ. ಉಳಿದ ಹೆಂಗಸರ ಮನೆಗೆ ಆ ಬೇಸಿಗೆಯೆಲ್ಲ ಮತ್ತೆ ನಡೆದು ಹೋದೆ, ಹೆಸರು ಬೇಡ ಕೈ ಇಟ್ಟು ತೋರಿಸಿ ಎಂದು ಕೇಳಿದೆ, ತೋರಿಸಿದ್ದನ್ನು ಅವರ ಸಾಲಿನ ಕೆಳಗೂ ಕೆಂಪಿನಲ್ಲಿ ಬರೆದೆ.

ವರ್ಷದ ತಪಾಸಣೆಯಲ್ಲಿ ಅಧಿಕಾರಿಗೆ ಅದು ಸಿಕ್ಕಿತು. ಪಂಥ ಸೋತ ಸಿಟ್ಟೂ ಇತ್ತೋ ಏನೋ, ನೋಟಿಸು ಕೊಟ್ಟರು. ಸರಕಾರಿ ದಾಖಲೆಯನ್ನು ಗೀಚಿ ಕೆಡಿಸಿದ್ದಕ್ಕೆ ಕಾರಣ ತಿಳಿಸಬೇಕು, ಗೀಚಿದ್ದನ್ನು ತೆಗೆದು ಹೊಸ ಪ್ರತಿ ಮಾಡಿಕೊಡಬೇಕು. ಯಜಮಾನರು ಹೆದರಿ, ಕ್ಷಮೆ ಕೇಳುವ ಉತ್ತರವೊಂದನ್ನು ಮುತ್ತಿನಂಥ ಅಕ್ಷರದಲ್ಲಿ ಬರೆದು, ಸಹಿಗೆ ಜಾಗ ಬಿಟ್ಟು ಕೊಟ್ಟರು. ಅದನ್ನು ಮಡಚಿ ಬತ್ತಿಯ ಡಬ್ಬಿಯ ಕೆಳಗೆ, ಹಳೆಯ ಅರ್ಜಿಯ ಮೇಲೆ ಇಟ್ಟೆ. ನನ್ನ ಉತ್ತರವನ್ನು ನಾನೇ ಬರೆದೆ, ಕೆಂಪು ಪೆನ್ನಿನಲ್ಲೇ. ಹೊನ್ನಾವರಕ್ಕೆ ಹೋಗಿ, ಮೆಟ್ಟಿಲು ಹತ್ತಿ, ಅವರ ಫ್ಯಾನಿನ ಕೆಳಗೆ ನಿಂತು ಕೈಗೆ ಕೊಟ್ಟೆ. ಕುಳಿತುಕೊಳ್ಳಿ ಎಂದರು, ಕೂರಲಿಲ್ಲ. ಬರೆದದ್ದನ್ನೇ ಬಾಯಲ್ಲೂ ಹೇಳಿದೆ.

"ಈ ರಿಜಿಸ್ಟರುಗಳಲ್ಲಿ ಸರಿಯಾಗಿರುವುದು ಕೆಂಪು ಸಾಲುಗಳು ಮಾತ್ರ. ಅಳಿಸುವುದಿಲ್ಲ."